ಕಿಟಕಿ ಕಡೆಯ ಕಣ್ಣು

ಡ್ರೈವರಿಗೆ ಬಸ್ಸು ಓಡಿಸುವುದು ಬಿಟ್ಟು ಬೇರೆ ಕೆಲಸ ಬರುತ್ತಿರಲಿಲ್ಲ. ಒಮ್ಮೆ ಭಾವಮೈದುನನ ಅಂಗಡಿ ನೋಡಿಕೊಳ್ಳಲು ಕೂತು, ಬಂದ ಗಿರಾಕಿಗಳನ್ನೆಲ್ಲ ಎದುರಿನ ಅಂಗಡಿಗೆ ಅಟ್ಟಿ ಬಂದಿದ್ದ. ಸ್ಟೇರಿಂಗ್ ಹಿಡಿದರೆ ಮಾತ್ರ ಅವನು ಮನುಷ್ಯ.

ಕಿಟಕಿ ಕಡೆಯ ಕಣ್ಣಿನ ಕೆಳರೆಪ್ಪೆಯಲ್ಲಿ, ಮೂಗಿನ ಪಕ್ಕ, ಜೋಳದ ಕಾಳಿನಷ್ಟು ಗಂಟು ಎದ್ದಾಗ ಕುರು ಅಂದುಕೊಂಡ. ಬಟ್ಟೆಯನ್ನು ಬಾಯಿಂದ ಊದಿ ಬಿಸಿ ಮಾಡಿ ಒತ್ತಿಕೊಂಡ. ಅದು ಒಡೆಯಲೂ ಇಲ್ಲ, ಮಾಯಲೂ ಇಲ್ಲ. ಮುಖ ಒರೆಸಿದಾಗಲೆಲ್ಲ ಟವೆಲ್ಲಿಗೆ ರಕ್ತದ ಚುಕ್ಕೆ. ಕೊನೆಗೆ ಹೆಂಡತಿ ರಟ್ಟೆ ಹಿಡಿದು ಆಸ್ಪತ್ರೆಗೆ ಎಳೆದೊಯ್ದಳು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಚರ್ಮದ ಕ್ಯಾನ್ಸರ್.

“ಕೊಯ್ದು ತೆಗೀಬಹುದು, ಆದ್ರೆ ರೆಪ್ಪೇನೇ ಹೊಸದಾಗಿ ಕಟ್ಟಬೇಕಾಗತ್ತೆ. ಇಲ್ಲ ಅಂದ್ರೆ ರೇಡಿಯೇಶನ್,” ಅಂದರು ಡಾಕ್ಟರಮ್ಮ. “ಕೆಲವು ವಾರ ತಪ್ಪದೆ ಬರಬೇಕು. ಅರ್ಧ ದಾರೀಲಿ ಕಣ್ಣು ಕೆಂಡ ಆಗತ್ತೆ, ರೆಪ್ಪೆಗೂದಲು ಉದುರತ್ತೆ, ನೀರು ಸುರಿಯತ್ತೆ. ಆಗ ಹೆದರಿ ನಿಲ್ಲಿಸಿದ್ರೆ ಉಳಿದ ಕ್ಯಾನ್ಸರ್ ಚೇತರಿಸ್ಕೊಳ್ಳತ್ತೆ. ಎಲ್ಲ ಮುಗಿಯೋವರೆಗೂ ರಜೆ ಹಾಕಿ, ಬಸ್ ಮುಟ್ಟಬೇಡಿ.”

ರೇಡಿಯೇಶನ್ ಆದರೆ ಕೊಯ್ಯುವುದಿಲ್ಲ ಅನ್ನುವುದಷ್ಟೇ ಅವನ ಕಿವಿಗೆ ಬಿದ್ದಿತು, ಅದಕ್ಕೇ ಒಪ್ಪಿಕೊಂಡ. ರಜೆ ಕೇಳಿದರೆ ಕಾರಣ ಹೇಳಬೇಕು. ಹೇಳಿದರೆ ಮೆಡಿಕಲ್ ಪರೀಕ್ಷೆ. ಆಮೇಲೆ ಡಿಪೋದ ಮೂಲೆಯಲ್ಲಿ ಟಯರು ಎಣಿಸುವ ಕೆಲಸ. ಬಾಯಿ ಮುಚ್ಚಿಕೊಂಡು ಬೆಳಗಿನ ಪಾಳಿ ಹಾಕಿಸಿಕೊಂಡ.

ಮಧ್ಯಾಹ್ನ ಅವನನ್ನು ತಣ್ಣನೆಯ ಮೇಜಿನ ಮೇಲೆ ಮಲಗಿಸುತ್ತಿದ್ದರು. ಕಣ್ಣು ಮರಗಟ್ಟಲು ಎರಡು ಹನಿ. ಟೆಕ್ನಿಶಿಯನ್ ರೆಪ್ಪೆ ಬಿಡಿಸಿ, ಕಿರಣ ಒಳಗಿಳಿಯದಂತೆ ಕಣ್ಣುಗುಡ್ಡೆಯ ಮೇಲೆ ಬಟ್ಟಲಿನಂಥ ಪುಟ್ಟ ಲೋಹದ ಮುಚ್ಚಳ ಕೂರಿಸುತ್ತಿದ್ದಳು. ಮುಖಕ್ಕೆ ಸೀಸದ ಹಾಳೆ, ಗಂಟಿದ್ದ ಕಡೆ ಮಾತ್ರ ತೂತು. “ಅಂಕಲ್, ಉಸಿರಾಡಿ. ಅಲ್ಲಾಡಬೇಡಿ.” ದಪ್ಪ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನೋವಿಲ್ಲ, ಬಿಸಿಯಿಲ್ಲ, ಗುಂಯ್ ಅನ್ನುವ ಸದ್ದು ಅಷ್ಟೆ. ಸುತ್ತ ಯಾರೂ ಇಲ್ಲ ಅನ್ನುವುದೇ ಅವನಿಗೆ ಕಷ್ಟವಾಯಿತು. ಬಸ್ಸಿನಲ್ಲಿ ಬೆನ್ನ ಹಿಂದೆ ಸದಾ ಜನರ ಗಲಾಟೆ ಇರುತ್ತಿತ್ತು.

ಹೇಳಿದ ಹಾಗೆಯೇ ಕಣ್ಣು ಕೆಂಡವಾಯಿತು.

“ಏನಣ್ಣ, ಅತ್ತಿಗೆ ಖಾರದ ಪುಡಿ ಎರಚಿದ್ರಾ?” ಅಂದ ಕಂಡಕ್ಟರ್.

“ಅವಳು ಎರಚಿದ್ರೆ ಒಂದೇ ಕಣ್ಣಿಗೆ ಬಿಡ್ತಾಳೇನೋ?”

ಇಬ್ಬರೂ ನಕ್ಕರು. ಗೇಟಿನಲ್ಲಿದ್ದ ಸೂಪರ್‌ವೈಸರ್ ನಗಲಿಲ್ಲ. ಕುಡಿದಿದ್ದಾನೋ ಎಂದು ನೋಡುವ ಮಷೀನು ಮುಂದೆ ಹಿಡಿದು “ಊದು” ಅಂದರು. ಊದಿದ. ಏನೂ ತೋರಿಸಲಿಲ್ಲ.

“ಮಷೀನು ಏನಾದ್ರೂ ಹೇಳ್ಲಿ, ಈ ಕಣ್ಣಿಟ್ಕೊಂಡು ಬಸ್ ಹತ್ತಬೇಡ. ಸರಿಯಾದ್ಮೇಲೆ ಬಾ. ಆಗ್ಲಿಲ್ಲ ಅಂದ್ರೆ ಮೆಡಿಕಲ್‌ಗೆ ಬರೀತೀನಿ.”

ಅವನ ತಲೆಗೆ ಹೊಳೆದದ್ದು ಒಂದೇ ದಾರಿ. ಕೆಂಪು ಮಾಡಿದ್ದು ರೇಡಿಯೇಶನ್. ಅದನ್ನು ನಿಲ್ಲಿಸಿದರೆ ಕೆಂಪು ಹೋಗುತ್ತದೆ. ನಿಲ್ಲಿಸಿದ. ಆಸ್ಪತ್ರೆಯ ಫೋನು ಎತ್ತಲಿಲ್ಲ. ಕೊನೆಗೆ ಅವರು ಹೆಂಡತಿಗೆ ಮಾಡಿದರು.

“ಇಷ್ಟು ದಿನ ಎಲ್ಲಿಗೆ ಹೋಗ್ತಿದ್ರಿ?”

“ಬಸ್‌ಸ್ಟ್ಯಾಂಡಲ್ಲಿ ಕೂತಿರ್ತಿದ್ದೆ.”

“ಕೂತ್ಕೊಂಡು?”

“ಬಸ್ ನೋಡ್ತಿದ್ದೆ.”

“ಬಸ್ಸಿಗೆ ಯಾವ ರೋಗಾನೂ ಇಲ್ವಲ್ರೀ, ಅದನ್ಯಾಕೆ ನೋಡ್ತೀರಿ?”

“ಇಲ್ಲಿ ನೋಡೇ, ಕೆಂಪಿಲ್ಲ. ನಾಳೆಯಿಂದ ಡ್ಯೂಟಿ ಕೊಟ್ಟಿದ್ದಾರೆ.”

ಅವಳು ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡಳು. “ಏಳಿ.”

ಡಾಕ್ಟರಮ್ಮ ರೆಪ್ಪೆ ಎಳೆದು ನೋಡಿ, ಕೈ ತೊಳೆದುಕೊಂಡರು. “ನಿಮ್ಮ ಚರ್ಮ ಚೇತರಿಸ್ಕೊಂಡಿದೆ. ಅದೂ ಚೇತರಿಸ್ಕೊಂಡಿರತ್ತೆ.”

“ಬಿಟ್ಟಿದ್ದನ್ನೆಲ್ಲ ಸೇರಿಸಿ ಒಟ್ಟಿಗೆ ಕೊಟ್ಬಿಡಿ ಡಾಕ್ಟ್ರೇ.”

“ಒಂದೇ ಸಲಕ್ಕೆ ತುಂಬಿಸೋಕೆ ಇದೇನು ಡೀಸೆಲ್ ಟ್ಯಾಂಕಾ?”

ಈ ಸಲ ರಜೆ ಹಾಕಿ, ಉಳಿದದ್ದನ್ನು ಮುಗಿಸಿದ. ಕಾರಣ ಕೇಳಿದ್ದಕ್ಕೆ ಮನೆ ರಿಪೇರಿ ಅಂದ. ಕೆಂಪು ಆರಿದ ಮೇಲೆ ಮತ್ತೆ ಬಸ್ಸು ಹತ್ತಿದ. ರೆಪ್ಪೆಗೂದಲು ಬರಲಿಲ್ಲ, ಅದನ್ನು ಯಾರೂ ಗಮನಿಸಲೂ ಇಲ್ಲ. ವರ್ಷ ತುಂಬುವ ಮೊದಲೇ ಕಣ್ಣಿನ ಮೂಲೆ ಮತ್ತೆ ಊದಿಕೊಂಡಿತು. ಹೊರಗೆ ಕಂಡದ್ದು ಸ್ವಲ್ಪ. ಸ್ಕ್ಯಾನಿನಲ್ಲಿ ಅದು ಒಳಕ್ಕೆ, ಮೂಳೆಯ ಕಡೆಗೆ ಇಳಿದಿತ್ತು. ಇನ್ನು ಕಣ್ಣನ್ನೇ ತೆಗೆಯಬೇಕು, ಇಲ್ಲದಿದ್ದರೆ ಮಿದುಳಿಗೆ ಹೋಗುತ್ತದೆ ಅಂದರು.

“ನಡುವೆ ಬಿಟ್ಟಿದ್ರಿಂದಲೇ ಹೀಗಾಯ್ತಾ?” ಹೆಂಡತಿ ಕೇಳಿದಳು.

“ಖಂಡಿತ ಅಂತ ಹೇಳಕ್ಕಾಗಲ್ಲಮ್ಮ. ಬಿಡದೇ ಇದ್ದಿದ್ರೆ ಕಣ್ಣು ಉಳಿಯೋ ಸಾಧ್ಯತೆ ಜಾಸ್ತಿ ಇತ್ತು.”

ಡ್ರೈವರ್ ನೆಲ ನೋಡುತ್ತ ಕೂತಿದ್ದ. “ಒಂದು ಕಣ್ಣಲ್ಲಿ ಬಸ್ ಓಡಿಸೋಕೆ ಬಿಡ್ತಾರಾ?”

“ಇಲ್ಲ,” ಅಂದರು ಡಾಕ್ಟರಮ್ಮ.

ಆಪರೇಶನ್ ಚೆನ್ನಾಗಿಯೇ ಆಯಿತು. ಹೋದದ್ದು ಒಂದು ಕಣ್ಣು, ಎರಡು ರೆಪ್ಪೆ, ಒಂದು ಕೆಲಸ.