ಹಳದಿ ನೀರಿನ ಲೋಟ

ಅಕ್ಕ ನೂಲಿಗೆ ಬಣ್ಣ ಹಾಕುವವಳು, ನಾನು ಬಣ್ಣ ಅಳೆಯುವವಳು. ಅವಳ ಹಂಡೆಯಲ್ಲಿ ಕುದಿಯುವ ಈರುಳ್ಳಿ ಸಿಪ್ಪೆಯೇ ನನ್ನ ಪ್ರಯೋಗಾಲಯದ ಸೀಸೆಯಲ್ಲೂ ಇದೆ. ಅದರ ರಸದ ಒಂದು ಹನಿಯನ್ನು ಕಾಗದದ ಪಟ್ಟಿಗೆ ತಾಗಿಸಿ, ಪಟ್ಟಿಯ ತುದಿಯನ್ನು ದ್ರಾವಕದಲ್ಲಿ ನಿಲ್ಲಿಸಿದರೆ ಹಳದಿ ಮೆಲ್ಲಗೆ ಮೇಲೇರುತ್ತದೆ. ಮಧ್ಯಾಹ್ನವೆಲ್ಲ ಅದನ್ನೇ ನೋಡುತ್ತ ಕೂತಿರುತ್ತೇನೆ. ಬೇರೆ ಕೆಲಸವಿಲ್ಲವೇ ಎಂದರೆ, ಇದೇ ಕೆಲಸ ಎನ್ನುತ್ತೇನೆ, ಸಂಬಳವೂ ಬರುತ್ತದೆ.

ಆ ಹಳದಿ ಫ್ಲೇವನಾಯ್ಡ್ ಎಂಬ ವಸ್ತುಗಳ ಬಳಗದ್ದು. ಉರಿಬಿಸಿಲಿಗೆ ಗಿಡಗಳು ತಾವೇ ಮಾಡಿಕೊಳ್ಳುವ ಕೊಡೆ. ಅದನ್ನು ತಿಂದ ನಮ್ಮ ಪ್ರಯೋಗಾಲಯದ ಇಲಿಗಳ ರಕ್ತದೊತ್ತಡ ಒಂದಿಷ್ಟು ಇಳಿದಿತ್ತು. ವರದಿ ಅಚ್ಚಾಯಿತು, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ನನ್ನ ಹೆಸರೂ ಇತ್ತು. ಒದ್ದೆ ನೂಲಿನ ಲಡಿಗಳು ತೂಗುತ್ತಿದ್ದ ಹಿತ್ತಲಲ್ಲಿ ಅಕ್ಕನಿಗೆ ಅದನ್ನು ಓದಿ ಹೇಳಿದೆ. ಇಲಿಗಳಿಗೆ ಎಂದು ಎರಡೆರಡು ಸಲ ಹೇಳಿದೆ. ಅಮ್ಮ ಬಿಪಿ ಏರಿ ಒಂದು ಬೆಳಿಗ್ಗೆ ಕುಸಿದು ಹೋದ ಮೇಲೆ ನನ್ನನ್ನು ಓದಿಸಿದವಳು ಅಕ್ಕನೇ. ಈಗ ಅವಳಿಗೂ ಬಿಪಿ, ದಿನಕ್ಕೊಂದು ಗುಳಿಗೆ. ಅವಳ ಕಿವಿಗೆ ಬಿದ್ದದ್ದು ನನ್ನ ಹೆಸರು ಮಾತ್ರ.

ಅಲ್ಲಿಂದ ನಮ್ಮ ಮನೆ ಒಂದು ಹಳದಿ ಕನಸಾಯಿತು. ಬೆಳಗಿನ ಬಿಸಿಲು ಲಡಿಗಳ ನಡುವೆ ಸೋಸಿ ಬಂದು ಗೋಡೆ, ನೆಲ, ನಮ್ಮ ಮುಖಗಳ ಮೇಲೆಲ್ಲ ತೇಲುತ್ತಿತ್ತು. ಹಂಡೆಗೆ ಬಣ್ಣ ಹಿಡಿಸುವ ಪಟಿಕ ಹಾಕುವ ಮೊದಲು ಅಕ್ಕ ಒಂದು ಲೋಟ ಹಳದಿ ನೀರು ತೆಗೆದಿಟ್ಟು, ಆರಿದ ಮೇಲೆ ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ನಾನು ನೋಡಿ ಹಿಗ್ಗುತ್ತಿದ್ದೆ, ಪೆದ್ದಿ.

ಒಂದು ದಿನ ಅವಳು ಹಂಡೆಯ ಪಕ್ಕದಲ್ಲೇ ಕುಸಿದಳು. ಡಾಕ್ಟರು ಬಿಪಿ ನೋಡಿ, "ಗುಳಿಗೆ ಬಿಟ್ಟಿದ್ದೀರಾ?" ಎಂದರು. ಅಕ್ಕ ಸೂರು ನೋಡಿದಳು. ಮನೆಗೆ ಬಂದು ನೂಲಿನ ಬುಟ್ಟಿ ಕೆದಕಿದರೆ, ತಳದಲ್ಲಿ ಮೂರು ತಿಂಗಳ ಗುಳಿಗೆ ಹಾಗೇ ಇತ್ತು. ನನಗೆ ಪಿತ್ತ ನೆತ್ತಿಗೇರಿತು.

"ಏನಕ್ಕ ಇದು? ಅಮ್ಮನ ಹಾಗೆ ನೀನೂ ಹೋಗ್ಬೇಕು ಅಂತಿದ್ದೀಯಾ?"

"ಕೂಗ್ಬೇಡ ಪುಟ್ಟಿ. ಈ ಬಣ್ಣ ನೂಲಿಗೆ ಹಿಡಿದ್ರೆ ಹತ್ತು ಸಲ ಒಗೆದ್ರೂ ಬಿಡಲ್ಲ. ನರಕ್ಕೆ ಹಿಡಿದ್ರೆ ಬಿಡುತ್ತಾ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಮೈಯಲ್ಲಿ ಅದು ನಿಲ್ಲೋದೇ ಕಮ್ಮಿ ಅಕ್ಕ. ಬಂದ ದಾರಿಗೆ ಸುಂಕ ಇಲ್ಲ ಅಂತ ಹೊರಟುಹೋಗುತ್ತೆ. ಇಲಿಗೆ ಆದ ಒಳ್ಳೇದು ನಿನಗೂ ಆಗುತ್ತೋ ಇಲ್ವೋ, ನನಗೇ ಇನ್ನೂ ಗೊತ್ತಿಲ್ಲ. ಗುಳಿಗೆ ಕೆಲಸ ಮಾಡುತ್ತೆ, ಅದು ಗೊತ್ತು."

"ಗುಳಿಗೆ ಮೇಲೆ ಯಾರದೋ ಹೆಸರು. ಆ ವರದೀಲಿ ನಿಂದಿತ್ತು."

ನನ್ನ ಸಿಟ್ಟು ಜರ್ರನೆ ಇಳಿಯಿತು. ಎಂಥ ನಂಬಿಕೆಯನ್ನು ಎಷ್ಟು ಹಗುರಾಗಿ ಹೊತ್ತು ತಿರುಗಿದ್ದೆನಲ್ಲ ಎಂದು ಹೆದರಿಕೆಯಾಯಿತು. ಪೆನ್ನು ತಂದು ಕೂತೆ. ಗುಳಿಗೆ ಪಟ್ಟಿಯ ಬೆಳ್ಳಿ ಹಾಳೆಯ ಮೇಲೆ ಶಾಯಿ ಜಾರುತ್ತಿತ್ತು. ಆದರೂ ಒಂದೊಂದು ಗುಳಿಗೆಯ ಬೆನ್ನಿಗೂ ನನ್ನ ಹೆಸರು ಬರೆದೆ.

ಅಕ್ಕ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿದಳು. ಆಮೇಲೆ ಎಷ್ಟು ತೊಳೆದರೂ ಹಳದಿ ಬಿಡದ ಅಂಗೈ ಚಾಚಿದಳು. ಅದರ ಮೇಲೆ ಒಂದು ಬಿಳಿ ಗುಳಿಗೆ ಇಟ್ಟೆ.

"ನೀರು ಕೊಡು," ಎಂದಳು.

ಬರೀ ನೀರು ಕೊಟ್ಟೆ.