ಬಿಳಿ ಕಪಾಟಿನ ಹಿಂದಿನ ಗಾಳಿಕಿಂಡಿ

ದಿಲ್ರಬೊಗೆ ಹದಿನೈದು ದಿನದಿಂದ ತಲೆನೋವು. ಅಡುಗೆಮನೆ ಹೊಕ್ಕು ಒಂದು ಗಂಟೆಯಾದರೆ ಹಣೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ. ಅಂಗಳಕ್ಕೆ ಬಂದು ನಿಂತರೆ ಮೆಲ್ಲಗೆ ಇಳಿಯುತ್ತದೆ.

“ಕೆಲಸ ಅಂದ್ರೆ ನೋವು, ಅಂಗಳ ಅಂದ್ರೆ ಆರಾಮ,” ಅಂದಳು ಅತ್ತೆ ಮಸ್ತೂರಾ. “ನಾವು ಹತ್ತಿಗಿಡದ ಕಡ್ಡಿ ಉರಿಸಿ, ಹೊಗೆ ಕುಡಿದು ಪಲೋವ್ ಮಾಡಿದವರು. ನಿಂಗೆ ಅರಮನೆ ಕೊಟ್ರೂ ನರಳಾಟ!”

ಆ ವರ್ಷ ಕೋಕಂದ್ ಊರಿನ ನಮ್ಮ ಬೀದಿಗೆಲ್ಲ ಅದೇ ಆಸೆ ಹಿಡಿದಿತ್ತು. ಅಂಗಳದಾಚೆಯ ಹಳೆಯ ಅಡುಗೆಮನೆ ಬಿಟ್ಟು ಎಲ್ಲರೂ ಮನೆಯೊಳಗೇ ಹೊಸದು ಮಾಡಿಸಿದರು. ಸೂರಿನವರೆಗೆ ಹೊಳೆಯುವ ಬಿಳಿ ಕಪಾಟು, ಒಲೆಯ ಮೇಲೆ ಹೊಗೆ ಎಳೆಯುವ ಫ್ಯಾನು, ಸಂದು ಬಿಡದ ಜೋಡಿಗಾಜಿನ ಕಿಟಕಿ. ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರ್ ಕಣ್ಣಿಗೆ ಚೆನ್ನಾಗಿರಲಿಲ್ಲ. ಮಸ್ತೂರಾ ಅದನ್ನೂ ಕಪಾಟಿನೊಳಗೆ ಸೇರಿಸಿದಳು. ಗೋಡೆಯ ಗಾಳಿಕಿಂಡಿ ಆ ಕಪಾಟಿನ ಹಿಂದೆ ಮುಚ್ಚಿಹೋಯಿತು. ಆ ಮೂಲೆಯೇ ಮನೆಯಲ್ಲೆಲ್ಲ ಬೆಚ್ಚಗಿದ್ದುದರಿಂದ ದಿಲ್ರಬೊಳ ಕೂಸು ಅನೋರಾಳ ತೊಟ್ಟಿಲನ್ನು ಅಲ್ಲೇ ಇಟ್ಟರು. ಮಗುವನ್ನು ಬಟ್ಟೆಪಟ್ಟಿಯಿಂದ ತೊಟ್ಟಿಲಿಗೆ ಬಿಗಿದು ಮಲಗಿಸುವುದು ನಮ್ಮ ವಾಡಿಕೆ. ಮಗುವನ್ನು ಆಗಲೇ ತೊಟ್ಟಿಲಿಗೆ ಹಾಕಿದ್ದರೂ ತೊಟ್ಟಿಲ ಶಾಸ್ತ್ರ ಬಾಕಿ ಇತ್ತು, ಅದಕ್ಕೆ ಭಾನುವಾರ ಬೀಗರು ಬರುವವರಿದ್ದರು.

ಗುರುವಾರ ಮಗುವನ್ನು ತೂಗಲು ನರ್ಸ್ ಸೋಬಿರಾ ಬಂದಳು. ದಿಲ್ರಬೊ ಈರುಳ್ಳಿ ಹುರಿಯುತ್ತಿದ್ದಳು, ಫ್ಯಾನು ಓಡುತ್ತಿತ್ತು.

“ಬಂಗಾರದಂಥ ಮಗು,” ಅಂದಳು ಮಸ್ತೂರಾ. “ಎರಡು ದಿನದಿಂದ ಅಳೋದೇ ಇಲ್ಲ.”

ಸೋಬಿರಾ ಮಗುವಿನ ಪಾದ ತಟ್ಟಿದಳು. ಅದು ಕಣ್ಣು ತೆರೆಯಲಿಲ್ಲ. ದಿಲ್ರಬೊ ಹಣೆ ಒತ್ತಿಕೊಳ್ಳುತ್ತಿದ್ದಳು, ಕಿಟಕಿ ಮುಚ್ಚಿತ್ತು, ಕಪಾಟಿನೊಳಗೆ ಬಾಯ್ಲರ್ ಸದ್ದು ಮಾಡುತ್ತಿತ್ತು. ಸೋಬಿರಾ ಪಟ್ಟಿ ಬಿಚ್ಚಿ, ಮಗುವನ್ನು ರಜಾಯಿಯಲ್ಲಿ ಸುತ್ತಿ ದಿಲ್ರಬೊ ಕೈಗಿಟ್ಟಳು. “ಅಂಗಳಕ್ಕೆ ಓಡು. ಒಳಗೆ ಬರಬೇಡ.” ಆಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದಳು.

“ಹುಚ್ಚಾ ನಿಂಗೆ? ಹೊರಗೆ ಹಿಮ ಬೀಳ್ತಿದೆ! ಕೂಸು ಸಾಯುತ್ತೆ!” ಮಸ್ತೂರಾ ಬಾಗಿಲಿಗೆ ಓಡಿದಳು.

ಸೋಬಿರಾ ಅಡ್ಡ ನಿಂತಳು. “ಒಳಗಿದ್ರೆ ಸಾಯುತ್ತೆ, ಓಪಾ,” ಅಂದಳು, ನಮ್ಮಲ್ಲಿ ಹಿರಿಯಕ್ಕನನ್ನು ಕರೆಯುವ ಹಾಗೆ. “ ಬಾಯ್ಲರಿನ ವಿಷಗಾಳಿ ಇಲ್ಲೇ ತುಂಬಿದೆ.”

“ವಿಷಾನಾ? ವಾಸನೆ ಎಲ್ಲಿದೆ? ಹೊಗೆ ಹೋಗೋಕೆ ಕೊಳವೆ ಇಲ್ವಾ? ಮೇಲೆ ಫ್ಯಾನು ಬೇರೆ!”

“ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಫ್ಯಾನೇ ತೊಂದರೆ. ಇಲ್ಲಿ ನೋಡು.”

ಸೋಬಿರಾ ಕಪಾಟು ತೆರೆದು, ತೂಕ ಬರೆಯುವ ತನ್ನ ಪುಸ್ತಕದಿಂದ ಕಾಗದದ ಪಟ್ಟಿ ಹರಿದು, ಬಾಯ್ಲರಿನ ಕೊಳವೆ ಶುರುವಾಗುವ ಕಿಂಡಿಗೆ ಹಿಡಿದಳು. ಗಾಳಿ ಮೇಲಕ್ಕೆ ಹೋಗುತ್ತಿದ್ದರೆ ಕಾಗದ ಒಳಕ್ಕೆ ವಾಲಬೇಕು. ಅದು ಮಸ್ತೂರಾಳ ಮುಖದ ಕಡೆ ಹಾರಿತು. ಸೋಬಿರಾ ಫ್ಯಾನು ನಿಲ್ಲಿಸಿ ಕಿಟಕಿ ತೆರೆದಳು. ಕಾಗದ ತಿರುಗಿ ಒಳಕ್ಕೆ ಅಂಟಿತು.

“ಫ್ಯಾನು ಕೋಣೆಯ ಗಾಳಿ ಹೊರಕ್ಕೆ ತಳ್ಳುತ್ತೆ. ಅಷ್ಟೇ ಗಾಳಿ ಎಲ್ಲಿಂದಾದ್ರೂ ಒಳಗೆ ಬರಲೇಬೇಕು. ಕಿಟಕಿ ಭದ್ರ, ಗಾಳಿಕಿಂಡಿ ಮುಚ್ಚಿದೆ. ಉಳಿದದ್ದು ಕೊಳವೆ ಒಂದೇ. ಮೇಲೆ ಹೋಗಬೇಕಾದ ವಿಷಗಾಳಿ ಅದರಲ್ಲೇ ಒಳಗಿಳಿಯುತ್ತೆ.”

ಮಸ್ತೂರಾ ಕಿಟಕಿ ಮುಚ್ಚಿ, ತಾನೇ ಫ್ಯಾನು ಹಾಕಿದಳು. ಕಾಗದ ಮತ್ತೆ ಅವಳ ಮುಖದತ್ತ ಹಾರಿತು. ಸೋಬಿರಾ ತಕ್ಷಣ ಗ್ಯಾಸ್ ಆರಿಸಿ ಕಿಟಕಿ ಬಾಗಿಲೆಲ್ಲ ತೆರೆದಳು.

“ಆ ಹುಡುಗಿ ಹದಿನೈದು ದಿನದಿಂದ ಹೇಳ್ತಿದ್ಲು,” ಅಂದಳು ಮಸ್ತೂರಾ. ಇನ್ನೊಂದು ರಜಾಯಿ ಎತ್ತಿಕೊಂಡು ಅಂಗಳಕ್ಕೆ ಓಡಿದಳು.

ಆಸ್ಪತ್ರೆಯಲ್ಲಿ ತಾಯಿಗೂ ಮಗುವಿಗೂ ಆಮ್ಲಜನಕ ಕೊಟ್ಟರು. ಅನೋರಾ ಮೊಲೆ ಹಿಡಿದದ್ದು ಮರುದಿನ ಮಧ್ಯಾಹ್ನ. ಅಲ್ಲಿಯವರೆಗೆ ಮಸ್ತೂರಾ ನೀರು ಮುಟ್ಟಲಿಲ್ಲ.

ಶಾಸ್ತ್ರ ಮುಂದೆ ಹೋಯಿತು. ಬಡಗಿ ಬಂದು, “ಕಪಾಟು ಕೊಯ್ದರೆ ಅಂದ ಕೆಡುತ್ತೆ, ಓಪಾ,” ಅಂದ. “ಕೆಡಲಿ, ಕೊಯ್ಯಿ,” ಅಂದಳು ಮಸ್ತೂರಾ. ಬಾಯ್ಲರ್ ಬಯಲಿಗೆ ಬಂತು, ಗಾಳಿಕಿಂಡಿ ತೆರೆಯಿತು, ತೊಟ್ಟಿಲು ಮಲಗುವ ಕೋಣೆಗೆ ಹೋಯಿತು. ಈಗ ಕಿಟಕಿ ತೆರೆಯದೆ ಆ ಮನೆಯಲ್ಲಿ ಯಾರೂ ಫ್ಯಾನು ಹಾಕುವುದಿಲ್ಲ.

ಹೊಸ ಅಡುಗೆಮನೆ ಮಾಡಿಸುವವರೇ, ಚೆಂದದ ಕಪಾಟು ಇರಲಿ, ಬಣ್ಣ ನಿಮ್ಮಿಷ್ಟ. ಆದರೆ ಬಾಯ್ಲರನ್ನು ಬಚ್ಚಿಡಬೇಡಿ, ಗಾಳಿಕಿಂಡಿ ಮುಚ್ಚಬೇಡಿ, ವರ್ಷಕ್ಕೊಮ್ಮೆ ಬಲ್ಲವರಿಂದ ಕೊಳವೆ ಪರೀಕ್ಷೆ ಮಾಡಿಸಿ. ಒಳಗೆ ತಲೆನೋವು, ಹೊರಗೆ ಬಂದರೆ ಗುಣ ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ಅವರ ಮಾತು ನಂಬಿ. ಎಲ್ಲರನ್ನೂ ಹೊರಗೆ ಕರೆತನ್ನಿ, ಸಾಧ್ಯವಾದರೆ ಗ್ಯಾಸ್ ಆರಿಸಿ, ಆಂಬುಲೆನ್ಸ್ ಕರೆಯಿರಿ. ಈ ಹಾಳೆ ಮಡಚಿಡುವ ಮೊದಲು ಎದ್ದು ಹೋಗಿ, ನಿಮ್ಮ ಮನೆಯ ಗಾಳಿಕಿಂಡಿ ಎಲ್ಲಿದೆ ಎಂದು ಹುಡುಕಿ.