ಹೊಸ ಡ್ರೈವಿಗೆ ಹಳೇ ಮಾದರಿ

ಮಾಂಟೆವಿಡಿಯೊದ ಬ್ಯಾಂಕೊಂದರ ಕಂಪ್ಯೂಟರ್ ಕೋಣೆಯಲ್ಲಿ ಲೆಕ್ಕಪತ್ರ ತುಂಬಿಡುವ ಟೇಪುಗಳ ಯಜಮಾನಿಕೆ ಒಫೇಲಿಯಾಳದು. ಯಾವ ಟೇಪು ಅದನ್ನು ಓದಿ ಬರೆಯುವ ಯಾವ ಯಂತ್ರಕ್ಕೆ, ಅಂದರೆ ಡ್ರೈವಿಗೆ, ಹೋಗಬೇಕೆಂದು ನಿರ್ಧರಿಸುವುದು ಟೇಪು ಭಂಡಾರದ ತಂತ್ರಾಂಶ. ಯಾವ ಡ್ರೈವು ಯಾವ ಮಾದರಿಯದೆಂದು ಆ ತಂತ್ರಾಂಶಕ್ಕೆ ತಿಳಿಸುವುದು ಒಫೇಲಿಯಾ. ಅದೋ, ಹೇಳಿದ್ದನ್ನೆಲ್ಲ ನಂಬುವ ಪಾಪದ್ದು.

ಕಳೆದ ವಾರ ಹೊಸ ಡ್ರೈವುಗಳು ಬಂದಾಗ ಅವನ್ನೂ ಹಳೇ ಮಾದರಿಯವೇ ಎಂದು ಬರೆದು ಕೈತೊಳೆದುಕೊಂಡಿದ್ದಳು. ಹೊಸ ಮಾದರಿ ಎಂದು ಬರೆದರೆ ಕಂಪ್ಯೂಟರಿನ ನೂರಾರು ಕೆಲಸಗಳ ಆದೇಶ ತಿದ್ದಬೇಕು. ಹೊರಗೆ ನದೀತೀರದಲ್ಲಿ ಬಿಸಿಲು ಬೇರೆ ಸೊಗಸಾಗಿತ್ತು. ಹೊಸವು ಹಳೇ ಟೇಪನ್ನು ಓದುತ್ತವಲ್ಲ, ಇನ್ನೇನು ಬೇಕು! ಹೊಸವು ಬರೆದದ್ದನ್ನು ಹಳೆಯವು ಓದಲಾರವು ಎಂಬುದು ಮಾತ್ರ ಮರೆತೇಹೋಯಿತು.

ಇವತ್ತು ಬೆಳಗಿನಿಂದ ಟೇಪುಗಳು ಒಂದೊಂದಾಗಿ ಕೈಕೊಡತೊಡಗಿದವು. ಮೇಲಧಿಕಾರಿ ವಾಲ್ಡೆಮಾರ್ ಕೆಂಡವಾಗಿದ್ದ.

"ಆ ತೊರಿಬಿಯೊ ಡ್ರೈವ್ ಕೂರಿಸಿದ್ದೇ ಸರಿ ಇಲ್ಲ! ಅವನ ಕಂಪನಿಗೆ ಈಗಲೇ ಫೋನ್ ಮಾಡ್ತೀನಿ. ಇನ್ಮೇಲೆ ಅವನು ಈ ಹೊಸ್ತಿಲು ತುಳಿಯಕೂಡದು."

ಮೆಕ್ಯಾನಿಕ್ ತೊರಿಬಿಯೊ ಬಿಚ್ಚಿದ ಡ್ರೈವಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಅವನು ಕುಡಿಯುವ ‘ಮಾತೆ’ ಎಂಬ ಎಲೆಯ ಕಷಾಯ ಆರಿಹೋಗಿತ್ತು. "ಎಲ್ಲಾ ಸರಿಯಾಗೇ ಇದೆ ಒಫೇಲಿಯಾ. ಈ ವಯಸ್ಸಲ್ಲಿ ನಂಗೆ ಇನ್ನೊಂದು ಕೆಲಸ ಯಾರು ಕೊಡ್ತಾರೆ ಹೇಳು?"

ಒಫೇಲಿಯಾ ಪರದೆ ನೋಡಿದಳು. ಹೊಸ ಡ್ರೈವು ಬರೆದ ಟೇಪು ಹಳೆಯದರ ಬಾಯಿಗೆ ಬಿದ್ದಿತ್ತು. ಎರಡೂ ಒಂದೇ ಎಂದು ಬರೆದವಳು ಅವಳೇ. ಸದ್ದಿಲ್ಲದೆ ತಿದ್ದಿಬಿಟ್ಟರೆ? ಟೇಪೇನೋ ಓದಲು ಬರುತ್ತದೆ, ಆದರೆ ಕೆಟ್ಟ ಹೆಸರು ತೊರಿಬಿಯೊಗೇ ಅಂಟಿಕೊಳ್ಳುತ್ತದೆ. ಛೀ, ಎಂಥ ಬುದ್ಧಿ ನನ್ನದು ಎಂದು ಅವಳಿಗೇ ನಾಚಿಕೆಯಾಯಿತು.

"ಫೋನ್ ಕೆಳಗಿಡಿ ವಾಲ್ಡೆಮಾರ್. ಹೊಸದನ್ನ ಹಳೇದು ಅಂತ ಬರೆದವಳು ನಾನು."

"ಯಾಕೆ ಬರೆದೆ ಮಾರಾಯ್ತಿ?"

"ಸೋಮಾರಿತನ. ಹೊರಗೆ ಬಿಸಿಲು ಚೆನ್ನಾಗಿತ್ತು, ಇನ್ನೇನು!"

ಹೊಸ ಡ್ರೈವುಗಳಿಗೆ ಅವುಗಳದ್ದೇ ಮಾದರಿ ಕೊಟ್ಟಳು, ಅವು ಬರೆದ ಟೇಪುಗಳನ್ನು ಬೇರೆ ಗುಂಪಿಗೆ ಸೇರಿಸಿದಳು. ನೂರಾರು ಆದೇಶ ತಿದ್ದುವ ಕೆಲಸ ಇನ್ನೂ ಕಾದಿತ್ತು. ಕೈಕೊಟ್ಟಿದ್ದ ಟೇಪನ್ನು ಈಗ ಹೊಸ ಡ್ರೈವು ಸಲೀಸಾಗಿ ಓದಿತು.

"ನೀನು ಬಿಸಿಲು ಕಾಯೋಕೆ ಹೋಗಿ ನನ್ನ ಜೀವ ತೆಗೆದಿದ್ಯಲ್ಲೇ ತಾಯಿ!" ಎಂದು ತೊರಿಬಿಯೊ ನಕ್ಕ. ಕಣ್ಣು ಮಾತ್ರ ಒದ್ದೆಯಾಗಿತ್ತು.

ವಾಲ್ಡೆಮಾರ್‌ಗೆ ಸಿಟ್ಟು ಇಳಿದಿರಲಿಲ್ಲ. "ನೀನು ಮಾಡಿದ್ದನ್ನ ನಮ್ಮ ಬ್ಯೂನಸ್ ಐರಿಸ್ ಕಚೇರಿಗೆ ನೀನೇ ಹೇಳು. ನದಿಯಾಚೆಯವರು ಹೊಟ್ಟೆತುಂಬ ನಗಲಿ."

ಅಲ್ಲಿ ಟೇಪು ನೋಡಿಕೊಳ್ಳುವವನು ಫಾಬ್ರಿಸಿಯೊ, ಕೊಂಕು ಮಾತಿನಲ್ಲಿ ಎತ್ತಿದ ಕೈ. ಒಫೇಲಿಯಾ ಹಲ್ಲು ಕಚ್ಚಿಕೊಂಡು ಫೋನಿನಲ್ಲಿ ಎಲ್ಲವನ್ನೂ ಹೇಳಿದಳು. ಅತ್ತ ಕಡೆಯಿಂದ ನಗು ಬರಲಿಲ್ಲ.

"ಒಫೇಲಿಯಾ... ಆ ಮಾದರಿ ತಿದ್ದಿದ್ದು ಹೇಗೆ, ಸ್ವಲ್ಪ ಹೇಳ್ತೀಯಾ?"

"ಯಾಕೆ?"

"ನಾನೂ ಹಾಗೇ ಬರೆದಿದ್ದೀನಿ. ಹೋದ ತಿಂಗಳು ನಮ್ಮ ಮೆಕ್ಯಾನಿಕ್‌ನ ಮನೆಗೆ ಕಳಿಸಿಬಿಟ್ರು. ಹೊಸಬ ಬಂದ ಮೇಲೂ ಟೇಪು ಓದ್ತಿಲ್ಲ."

ಒಫೇಲಿಯಾ ತೊರಿಬಿಯೊನ ಕಡೆ ನೋಡಿದಳು. ಅವನು ಶಿಳ್ಳೆ ಹಾಕುತ್ತ ಡ್ರೈವಿನ ಮುಚ್ಚಳ ಕೂರಿಸುತ್ತಿದ್ದ.

"ಮೊದಲು ಆ ಮನೆಗೆ ಕಳಿಸಿದವನಿಗೆ ಫೋನ್ ಮಾಡಿ ತಪ್ಪು ನಿನ್ನದು ಅಂತ ಹೇಳು ಫಾಬ್ರಿಸಿಯೊ. ಆಮೇಲೆ ನಂಗೆ ಮಾಡು, ಹೇಳ್ಕೊಡ್ತೀನಿ," ಎಂದು ಫೋನ್ ಇಟ್ಟಳು.